ಪುಡಿಯಜ್ಜಿಯ ತಳಿ

ಕೆಳಮನೆಯ ನನ್ನ ಮಗಳಿಗೆ,

ನೀನು ಹೋಗಿ ನಾಳೆಗೆ ಎಪ್ಪತ್ತು ದಿನ. ಈ ಪತ್ರವನ್ನು ನಾನು ಬರೆಯಬೇಕಾಗಿದ್ದುದು ನಿನಗಲ್ಲ, ಪತ್ರಿಕೆಯ ಸಂಪಾದಕರಿಗೆ. ನಲವತ್ತು ವರ್ಷದಿಂದ ಅವರಿಗೆ ಬರೆಯುತ್ತಾ ಬಂದವನು ನಾನು. ನಲ್ಲಿಯಲ್ಲಿ ಕೆಸರು ಬಂದರೆ ಬರೆದೆ, ಗ್ರಂಥಾಲಯದ ಚಾವಣಿ ಸೋರಿದರೆ ಬರೆದೆ, ಪಠ್ಯಪುಸ್ತಕದಲ್ಲಿ ಒಂದು ಯುದ್ಧದ ಇಸವಿ ತಪ್ಪಾಗಿ ಅಚ್ಚಾದಾಗ ಮೂರು ಸಲ ಬರೆದೆ. ನಾನು ಮಹಡಿಯಿಂದ ಇಳಿದು ಬರುವ ಸದ್ದು ಕೇಳಿದರೆ ಸಾಕು, ಕಾಜಾ ಹಾಕುತ್ತಿದ್ದ ಅಂಗಿಯಿಂದ ತಲೆ ಎತ್ತದೆ ನೀನು ಕೇಳುತ್ತಿದ್ದೆ: "ಏನಜ್ಜಾ, ಈ ಸಲ ಯಾರ ಜನ್ಮ ಜಾಲಾಡಿದ್ರಿ?" ನಿನ್ನ ಅಮ್ಮ ಹೊಲಿಗೆ ಯಂತ್ರದ ಹಿಂದಿನಿಂದ ಗದರುತ್ತಿದ್ದಳು. "ಬಾಯಿ ನೋಡು ಇದರದ್ದು! ದೊಡ್ಡೋರ ಹತ್ರ ಹೀಗಾ ಮಾತಾಡೋದು?" "ದೊಡ್ಡೋರು ಅಂತ ಒಬ್ರಾದ್ರೂ ಬೈಸ್ಕೊಳ್ಳದೆ ಉಳಿದಿದಾರಾ ಕೇಳಮ್ಮ ಅವರನ್ನೇ" ಎಂದು ನೀನು ದಾರ ಕಚ್ಚಿ ತುಂಡು ಮಾಡುತ್ತಿದ್ದೆ.

ಒಬ್ಬ ಉಳಿದಿದ್ದ. ಅವನ ವಿಷಯವನ್ನು ಯಾರಿಗೂ ಹೇಳಕೂಡದೆಂದು ನಿನ್ನ ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ನಿನಗೆ ಹೇಳಿದರೆ ಆ ಮಾತಿಗೆ ತಪ್ಪಿದಂತಾಗುವುದಿಲ್ಲ ಎಂದುಕೊಂಡು ಬರೆಯಲು ಕುಳಿತಿದ್ದೇನೆ.

ಮೊದಲಿನಿಂದಲೇ ಹೇಳುತ್ತೇನೆ. ಹುಟ್ಟಿದ ಹನ್ನೊಂದನೇ ತಿಂಗಳಿಂದ ನೀನು ದಿನಕ್ಕೆ ಮೂರು ಹೊತ್ತು ಕುಡಿದ ಆ ಬಿಳಿ ಪುಡಿ ಎಲ್ಲಿಂದ ಬರುತ್ತಿತ್ತು ಎಂಬುದು ನಿನಗೆ ಅರ್ಧಂಬರ್ಧ ಮಾತ್ರ ಗೊತ್ತಿತ್ತು. ನಾವು ತಿಂದದ್ದರಲ್ಲಿ ಬೇಡವಾದ ಅಮೋನಿಯವನ್ನು ನಮ್ಮ ಮೈ ತಾನಾಗಿ ಹೊರಗೆ ಹಾಕುತ್ತದೆ. ನಿನ್ನ ಮೈಗೆ ಅದು ಬರುತ್ತಿರಲಿಲ್ಲ. ಆ ಪುಡಿ ಹೊಟ್ಟೆಗೆ ಬಿದ್ದರೆ ಬೇರೆ ದಾರಿಯಿಂದ ಹೊರಹಾಕುತ್ತಿತ್ತು. ಬೀಳದಿದ್ದರೆ ರಕ್ತದಲ್ಲಿ ವಿಷ ಏರಿ ತಲೆಗೆ ಹೋಗುತ್ತಿತ್ತು. ಹಾಲು, ಮೊಟ್ಟೆ, ಕಾಳು ಎಲ್ಲವನ್ನೂ ತೂಗಿ ತಿನ್ನುವ, ಮೂಗು ಹಿಡಿದುಕೊಂಡು ಆ ಕಹಿ ನೀರು ನುಂಗುವ ನಿನ್ನಂಥವರು ನಮಗೆ ಗೊತ್ತಿದ್ದ ಹಾಗೆ ಹತ್ತೊಂಬತ್ತು ಮನೆಗಳಲ್ಲಿದ್ದರು. ಆ ಪುಡಿಯನ್ನು ಮಾಡಿದ್ದು ನನ್ನ ಹೆಂಡತಿ. ಮಾತು ಬಂದ ದಿನದಿಂದ ನೀನು ಅವಳನ್ನು ಕರೆದದ್ದು ಪುಡಿಯಜ್ಜಿ ಎಂದೇ.

ಅವಳು ಮಾಡಿದಳು ಎನ್ನುವುದೂ ತಪ್ಪು. ಕೇಳಿದ್ದರೆ ಅವಳೇ ತಿದ್ದುತ್ತಿದ್ದಳು. "ನಾನು ಮಾಡೋದಲ್ಲ ಕಣ್ರೀ, ಅವು ಮಾಡೋದು. ನಾನು ಬರೀ ಅವುಗಳ ಬುದ್ಧಿ ಕೆಡಿಸೋಳು." ಅವು ಎಂದರೆ ಮಣ್ಣಿನಲ್ಲಿ ಬದುಕುವ ಒಂದು ಜಾತಿಯ ಬ್ಯಾಕ್ಟೀರಿಯಾ. ಆ ಪುಡಿಯನ್ನು ಅದು ಹುಟ್ಟಿನಿಂದಲೇ ಮಾಡಿಕೊಳ್ಳುತ್ತದೆ, ಆದರೆ ತನಗೆ ಬೇಕಾದಷ್ಟೇ. ಸಾಕಾದ ಕೂಡಲೇ ನಿಲ್ಲಿಸುತ್ತದೆ. ಆ ಸಾಕು ಎನ್ನುವ ಬುದ್ಧಿಯನ್ನು ಮುರಿಯಲು ನಿನ್ನ ಪುಡಿಯಜ್ಜಿಗೆ ಹನ್ನೊಂದು ವರ್ಷ ಹಿಡಿಯಿತು. ಅದರ ಮೇಲೆ, ಹೆಚ್ಚು ಮಾಡು ಎಂಬ ಆಜ್ಞೆಯನ್ನು ಹೊತ್ತ ಇನ್ನೊಂದು ಪುಟ್ಟ ವಂಶವಾಹಿ ಎಳೆಯನ್ನು ಹೊರಗಿನಿಂದ ಕಟ್ಟಿ ಅದರೊಳಗೆ ಸೇರಿಸಿದಳು. ಪುಸ್ತಕದಲ್ಲಿ ಅದಕ್ಕೆ ಪ್ಲಾಸ್ಮಿಡ್ ಎಂದು ಹೆಸರು. ಅವಳು ಅದನ್ನು ಹೊರೆ ಎನ್ನುತ್ತಿದ್ದಳು. ಮೊದಲು ಒಂದು ಲೋಟಕ್ಕೆ ಚಿಟಿಕೆಯಷ್ಟು ಸಿಗುತ್ತಿದ್ದ ಪುಡಿ ಕೊನೆಗೆ ಲೋಟಕ್ಕೆ ಎರಡು ದೊಡ್ಡ ಚಮಚದಷ್ಟು ಸಿಗತೊಡಗಿತು. ಮೂರು ಮಹಡಿ ಎತ್ತರದ ತೊಟ್ಟಿಗಳಲ್ಲಿ ಕಬ್ಬಿನ ಕಾಕಂಬಿ ತಿಂದು ಅವು ದುಡಿಯುತ್ತಿದ್ದವು. ಅವಳ ಸೀರೆ, ಕೂದಲು, ಕೈಚೀಲ ಎಲ್ಲಕ್ಕೂ ಸುಟ್ಟ ಸಕ್ಕರೆಯ ವಾಸನೆ. ಬಸ್ಸಿನಲ್ಲಿ ಪಕ್ಕ ಕೂತವರು ಮಿಠಾಯಿ ಅಂಗಡಿಯವಳೆಂದು ತಿಳಿದು ಬೆಲೆ ವಿಚಾರಿಸುತ್ತಿದ್ದರಂತೆ.

ಕಾರ್ಖಾನೆ ಆಗ ಸರ್ಕಾರದ್ದು. ಅದು ಶುರುವಾದ ದಿನ ನಾನೂ ಅಲ್ಲಿದ್ದೆ, ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು, ಬಿಸಿಲಲ್ಲಿ. ಮೂವತ್ತೊಂದು ವರ್ಷದ ಹಿಂದಿನ ಮಾತು. "ಈ ತೊಟ್ಟಿಗಳು ಲಾಭಕ್ಕಾಗಿ ಅಲ್ಲ, ಲಾಭದ ಲೆಕ್ಕದಲ್ಲಿ ಹೆಸರೇ ಇಲ್ಲದವರಿಗಾಗಿ" ಎಂದು ಮಂತ್ರಿ ಭಾಷಣ ಮಾಡಿದ. ಬರೆದುಕೊಟ್ಟವನು ಯಾರೋ ಬುದ್ಧಿವಂತ. ಅದೇ ಪಕ್ಷದ ಇನ್ನೊಬ್ಬ ಮಂತ್ರಿ, ಇಪ್ಪತ್ತಾರು ವರ್ಷ ಕಳೆದ ಮೇಲೆ, ಅದೇ ತೊಟ್ಟಿಗಳ ಮುಂದೆ ನಿಂತು ಅವನ್ನು ಖಾಸಗಿ ಕಂಪನಿಯೊಂದಕ್ಕೆ ಮಾರಿದ ಕಾಗದಕ್ಕೆ ಸಹಿ ಹಾಕಿದ. ಎರಡು ಭಾಷಣಗಳನ್ನೂ ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಎರಡರಲ್ಲೂ "ಬಡವರು" ಎಂಬ ಮಾತು ಏಳೇಳು ಸಲ ಬರುತ್ತದೆ.

ಮಾರುವುದಕ್ಕೆ ಎರಡು ವರ್ಷ ಮೊದಲು ನಿನ್ನ ಪುಡಿಯಜ್ಜಿ ಒಂದು ಅರ್ಜಿ ಹಾಕಿದ್ದಳು. ಹೊರೆಯನ್ನು ಹೊರಗಿನ ಹೊರೆಯಾಗಿ ಬಿಡಬಾರದು, ಆ ಜೀವದ ಸ್ವಂತ ಎಳೆಯೊಳಗೇ ಹೊಲಿದುಬಿಡಬೇಕು, ಆಗ ಅದು ಕಳೆದುಹೋಗುವ ಭಯವಿಲ್ಲ, ಎರಡು ವರ್ಷ ಕೊಡಿ ಎಂದು. ಅರ್ಜಿ ಹದಿನಾಲ್ಕು ತಿಂಗಳು ಮೇಜಿನಿಂದ ಮೇಜಿಗೆ ಓಡಾಡಿ ಹಿಂದಕ್ಕೆ ಬಂತು. "ಉತ್ಪಾದನೆ ತೃಪ್ತಿಕರವಾಗಿದೆ. ಹೆಚ್ಚಿನ ಸಂಶೋಧನೆ ಅನಗತ್ಯ." ಆ ದಿನ ಅವಳು ಊಟ ಮಾಡಲಿಲ್ಲ. ನಾನು ಸಂಪಾದಕರಿಗೆ ಬರೆಯುತ್ತೇನೆಂದೆ. "ಬರೀರಿ. ನೀವು ಬರೆದ ಕಾಗದ ಒಂದಾದ್ರೂ ಪುಡಿ ಮಾಡತ್ತಾ ನೋಡೋಣ" ಎಂದಳು. ಅಷ್ಟು ಒರಟಾಗಿ ಅವಳು ಮಾತಾಡಿದ್ದು ನನಗೆ ನೆನಪಿಲ್ಲ.

ಕಾರ್ಖಾನೆ ಕೈಬದಲಾದ ತಿಂಗಳೇ ಅವಳ ನಿವೃತ್ತಿ. ಕೊನೆಯ ದಿನ ಊಟದ ಡಬ್ಬಿಯ ಮೇಲಿನ ತಟ್ಟೆಯಲ್ಲಿ ಆ ತಳಿಯಿದ್ದ ಮೂರು ಗಾಜಿನ ಕೊಳವೆಗಳನ್ನು ಹತ್ತಿಯಲ್ಲಿ ಸುತ್ತಿ ತಂದಳು. ಕಚೇರಿಯ ಪೆನ್ಸಿಲ್ ಜೇಬಿಗೆ ಬಂದರೆ ಮರುದಿನ ಹಿಂದಿರುಗಿಸುತ್ತಿದ್ದವಳು ಇಪ್ಪತ್ತಾರು ವರ್ಷದಲ್ಲಿ ಮಾಡಿದ ಒಂದೇ ಕಳ್ಳತನ ಅದು. ಮೂಲ ತಳಿ ಅಲ್ಲಿಯೇ ಇತ್ತು, ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿನ ದೊಡ್ಡ ಶೀತಪೆಟ್ಟಿಗೆಯಲ್ಲಿ, ಸಾಲು ಸಾಲಾಗಿ. "ಅಲ್ಲಿರೋದು ಅಲ್ಲೇ ಇರತ್ತೆ ಅಂತ ಯಾಕೋ ನಂಬಿಕೆ ಬರ್ತಿಲ್ಲ" ಎಂದಳು.

ಹತ್ತು ತಿಂಗಳಲ್ಲಿ ಅವಳೂ ಹೋದಳು. ಆ ಹತ್ತು ತಿಂಗಳಲ್ಲಿ ನನಗೆ ಕೆಲಸ ಕಲಿಸಿದಳು. ನಮ್ಮ ಅಡುಗೆಮನೆಯ ಶೀತಪೆಟ್ಟಿಗೆ ತಳಿಯನ್ನು ಹೆಪ್ಪುಗಟ್ಟಿಸಿ ಇಡುವಷ್ಟು ಗಟ್ಟಿಯಲ್ಲ. ಕರೆಂಟ್ ಹೋಗುತ್ತದೆ, ಬರುತ್ತದೆ. ಹಾಗಾಗಿ ಕೆಳಗಿನ ಅರೆಯಲ್ಲಿ ತಣ್ಣಗೆ ಇಟ್ಟು, ತಿಂಗಳಿಗೊಮ್ಮೆ ಹೊಸ ಕೊಳವೆಗೆ ದಾಟಿಸಬೇಕು. ಅಗರ್ ಎಂಬ ಅಂಟನ್ನೂ ಅವುಗಳ ಆಹಾರದ ಪುಡಿಯನ್ನೂ ನೀರಿಗೆ ಹಾಕಿ ಕುಕ್ಕರಿನಲ್ಲಿ ಕೂಗಿಸಬೇಕು, ಕೈಗೆ ತಾಳುವಷ್ಟು ಆರಿದ ಮೇಲೆ ಪುಟ್ಟ ಸೀಸೆಯಿಂದ ನಾಲ್ಕು ಹನಿ ಬಿಡಬೇಕು, ಕೊಳವೆಯನ್ನು ಓರೆಯಾಗಿ ಮಲಗಿಸಿ ಗಟ್ಟಿಯಾಗಲು ಬಿಡಬೇಕು, ತಂತಿಯನ್ನು ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ ಆರಿಸಿ ಹಳೆಯದರಿಂದ ಒಂದಿಷ್ಟು ತೆಗೆದು ಹೊಸದರ ಮೇಲೆ ಎಳೆಯಬೇಕು, ಹಳೆಯದನ್ನು ಕುದಿಸಿ ಎಸೆಯಬೇಕು. ಏಳು ಸಾಲಿನಲ್ಲಿ ಬರೆದು ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದಳು. ನಾಲ್ಕು ಹನಿಯ ಸಾಲಿನ ಕೆಳಗೆ ಎರಡು ಗೆರೆ.

ಮಗಳೇ, ಆ ಹನಿ ಯಾಕೆ ಎಂದು ಅವಳು ನನಗೆ ಹೇಳಿದ್ದಳು. ಹೇಳಲಿಲ್ಲ ಎಂದು ಬರೆಯಲು ಕೈ ತುಡಿಯುತ್ತದೆ, ಆದರೆ ಹೇಳಿದ್ದಳು. ಅವಳು ಹಾಸಿಗೆಯ ಮೇಲೆ ದಿಂಬಿಗೊರಗಿ ಹೇಳುತ್ತಿದ್ದಳು, ನಾನು ಪಕ್ಕದ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಹೂಂ, ಹೂಂ ಎನ್ನುತ್ತಿದ್ದೆ. ಆ ದಿನ ಯಾವುದೋ ಸೇತುವೆಯ ಹಗರಣ. ಅವಳ ಒಂದು ಮಾತು ಮಾತ್ರ ಕಿವಿಯಲ್ಲಿ ಉಳಿಯಿತು. "ಭಯ ಇಲ್ದಿದ್ರೆ ಯಾರು ಹೊರೆ ಹೊರ್ತಾರೆ ಹೇಳಿ?" ನಾನು ಅದನ್ನು ಸೇತುವೆಯ ಗುತ್ತಿಗೆದಾರರ ಬಗ್ಗೆ ಹೇಳಿದಳೆಂದುಕೊಂಡು "ಸರಿಯಾಗಿ ಹೇಳಿದೆ" ಎಂದೆ.

ಅವಳು ಹೋದ ಒಂಬತ್ತನೇ ತಿಂಗಳಲ್ಲಿ ಸೀಸೆ ಖಾಲಿಯಾಯಿತು. ಅದರಲ್ಲಿದ್ದದ್ದು ಆ್ಯಂಟಿಬಯೋಟಿಕ್. ನಾನು ಖಾಲಿ ಸೀಸೆ ಹಿಡಿದುಕೊಂಡು ತಿರುವಿನ ಔಷಧಿ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ಸೀಸೆಯ ಹೆಸರು ಓದಿ ನಕ್ಕ. "ಚೀಟಿ ಇಲ್ದೆ ಕೊಡಲ್ಲ ಮೇಷ್ಟ್ರೇ. ನೀವೇ ಬರೆದಿದ್ರಲ್ಲ, ನೋಡಿ ಇಲ್ಲಿ" ಎಂದು ಗೋಡೆ ತೋರಿಸಿದ. ಕೇಳಿದವರಿಗೆಲ್ಲ ಆ್ಯಂಟಿಬಯೋಟಿಕ್ ಮಾರುವ ಅಂಗಡಿಗಳ ವಿರುದ್ಧ ನಾನು ಬರೆದ ಪತ್ರ, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ್ದ. ಕೆಳಗೆ ನನ್ನ ಹೆಸರು. ನನಗೆ ಅವಮಾನವಾಗಲಿಲ್ಲ. ಹೆಮ್ಮೆಯಾಯಿತು. ಒಬ್ಬನಾದರೂ ಓದಿ ನಡೆದುಕೊಂಡನಲ್ಲ ಎಂದು ಅವನ ಬೆನ್ನು ತಟ್ಟಿ ಬರಿಗೈಯಲ್ಲಿ ಮನೆಗೆ ಬಂದೆ.

ಆ ತಿಂಗಳು ಹನಿ ಇಲ್ಲದೆಯೇ ದಾಟಿಸಿದೆ. ಎರಡನೇ ದಿನ ನೋಡಿದರೆ ಕೊಳವೆಯ ತುಂಬ ಬೆಳೆದಿವೆ. ಯಾವತ್ತೂ ಇಷ್ಟು ದಟ್ಟವಾಗಿ, ಇಷ್ಟು ಬೇಗ ಬೆಳೆದಿರಲಿಲ್ಲ. ಬೆಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ಆಗ ನನಗೆ ತೋರಿದ್ದು ಇಷ್ಟು: ಪಾಪ, ಅವಳು ಅತಿ ಎಚ್ಚರದವಳು, ಎಲ್ಲದಕ್ಕೂ ಒಂದು ಹೆಚ್ಚಿನ ಗಂಟು ಹಾಕುವವಳು, ಇಷ್ಟು ದಿನ ಈ ಬಡ ಜೀವಗಳಿಗೆ ಸುಮ್ಮನೆ ವಿಷ ಹಾಕಿದೆವಲ್ಲ. ಮುಂದಿನ ತಿಂಗಳೂ ಹಾಕಲಿಲ್ಲ. ಅದರ ಮುಂದಿನ ತಿಂಗಳೂ. ಮೂರು ವರ್ಷ, ಮೂವತ್ತೇಳು ಸಲ. ಪ್ರತಿ ಸಲವೂ ಹಳೆಯದನ್ನು ಅವಳು ಹೇಳಿದಂತೆ ಕುದಿಸಿ ಎಸೆದೆ. ಆ ಸಾಲನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದೆ.

ಇತ್ತ ಕಾರ್ಖಾನೆಯಲ್ಲಿ ನಿಮ್ಮ ಪುಡಿಯ ತೊಟ್ಟಿಯನ್ನು ನಿಲ್ಲಿಸಿದರು. ತಾತ್ಕಾಲಿಕ ಎಂದರು. ಹಳೆಯ ದಾಸ್ತಾನು ಮುಗಿಯುವವರೆಗೆ ಯಾರಿಗೂ ಬಿಸಿ ತಟ್ಟಲಿಲ್ಲ. ಆಮೇಲೆ ಹೊರದೇಶದ ಡಬ್ಬಿ ಬರತೊಡಗಿತು, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹತ್ತೊಂಬತ್ತು ಮನೆಯವರೂ ಸೇರಿ ಕೊಟ್ಟ ಮನವಿ ನಾನು ಬರೆದದ್ದೇ, ನೀನು ಪ್ರತಿ ಮಾಡಿದ್ದೆ, ನಿನ್ನ ದುಂಡು ಅಕ್ಷರದಲ್ಲಿ. ಸರ್ಕಾರ ಕೊನೆಗೂ ಒಪ್ಪಿತು: ಕಂಪನಿ ತಳಿಯನ್ನು ಕೊಟ್ಟರೆ ಸರ್ಕಾರಿ ಪ್ರಯೋಗಾಲಯವೊಂದು ಪುಡಿ ಮಾಡುತ್ತದೆ. ಕಂಪನಿ ಎರಡು ವರ್ಷ "ಪರಿಶೀಲನೆಯಲ್ಲಿದೆ" ಎಂದಿತು. ಆಮೇಲೆ ಒಂದೂವರೆ ಸಾಲಿನ ಉತ್ತರ ಬಂತು. ತಳಿ ಲಭ್ಯವಿಲ್ಲ.

ಯಾಕೆ ಲಭ್ಯವಿಲ್ಲ ಎಂದು ನಮಗೆ ಹೇಳಿದವಳು ಕಡ್ಡಿ. ನಿನ್ನ ಪುಡಿಯಜ್ಜಿಯ ಕೈಕೆಳಗೆ ಎಂಟು ವರ್ಷ ಕೆಲಸ ಮಾಡಿ, ಈಗ ನಗರಸಭೆಯಲ್ಲಿ ನೀರು ಪರೀಕ್ಷೆ ಮಾಡುವ ಹುಡುಗಿ. ಅಷ್ಟು ತೆಳ್ಳಗಿರುವುದಕ್ಕೆ ಆ ಹೆಸರು. ಸಂಶೋಧನೆಯ ಕಟ್ಟಡವನ್ನು ಕಂಪನಿಯವರು ಗೋದಾಮು ಮಾಡಿದ್ದರು. ಮಾಡುವಾಗ ವಿದ್ಯುತ್ ಉಳಿಸಲೆಂದು ಎಲ್ಲ ಪ್ಲಗ್ಗುಗಳನ್ನೂ ಕಿತ್ತರು. ಕಾವಲುಗಾರ ಅವಳಿಗೆ ಹೇಳಿದನಂತೆ: "ಮೂರು ದಿನ ಆ ಪೆಟ್ಟಿಗೆಯಿಂದ ನೀರು ಸೋರ್ತಾನೇ ಇತ್ತಕ್ಕಾ. ಒರೆಸಿ ಒರೆಸಿ ನನ್ನ ಸೊಂಟ ಬಿತ್ತು." ಹನ್ನೊಂದು ವರ್ಷದ ಬದುಕು ಹಾಗೆ ನೆಲಕ್ಕೆ ಹರಿದುಹೋಯಿತು. ನಿನ್ನ ಪುಡಿಯಜ್ಜಿಯ ಟಿಪ್ಪಣಿ ಪುಸ್ತಕಗಳನ್ನು ಕೇಳಿದರೆ ಕಂಪನಿಯ ಗೋಪ್ಯ ಆಸ್ತಿ ಎಂದರು. ಆಸ್ತಿಯಾದರೆ ತೋರಿಸಿ ಎಂದರೆ ಪತ್ತೆಯಾಗುತ್ತಿಲ್ಲ ಎಂದರು. ಇತಿಹಾಸದಲ್ಲಿ ಗ್ರಂಥಾಲಯ ಸುಟ್ಟವರ ಹೆಸರುಗಳಾದರೂ ಸಿಗುತ್ತವೆ. ಪ್ಲಗ್ಗು ಕಿತ್ತವನ ಹೆಸರು ಯಾವ ಕಡತದಲ್ಲೂ ಇಲ್ಲ.

ಕಡ್ಡಿ ಇದನ್ನು ಹೇಳಿದ್ದು ನಿಮ್ಮ ಮನೆಯಲ್ಲಿ, ಕತ್ತರಿಸಿದ ಬಟ್ಟೆಗಳ ರಾಶಿಯ ಪಕ್ಕ ಕೂತು. ನೀನಿದ್ದೆ. ನಿನ್ನ ಅಮ್ಮ ಇದ್ದಳು. ಆ ಹತ್ತೊಂಬತ್ತು ಮನೆಯವರಲ್ಲೊಬ್ಬನಾದ ಲಾರಿಯವನೂ ಇದ್ದ, ತೊಡೆಯ ಮೇಲೆ ನಾಲ್ಕು ವರ್ಷದ ಮಗಳನ್ನು ಕೂರಿಸಿಕೊಂಡು. ಅವಳಿಗೂ ನಿನ್ನದೇ ಕಾಯಿಲೆ. ಎಲ್ಲರ ಮುಖ ಇಳಿದುಹೋಗಿತ್ತು. ಆಗ ನಾನು ಎದ್ದು ನಿಂತು, ಸಭೆಯಲ್ಲಿ ನಿಲ್ಲುವವರ ಹಾಗೆ ಗಂಟಲು ಸರಿಮಾಡಿಕೊಂಡು, "ತಳಿ ಸತ್ತಿಲ್ಲ. ನನ್ನ ಹತ್ತಿರ ಇದೆ" ಎಂದೆ.

ನನ್ನ ಜೀವನದಲ್ಲಿ ನಾನು ಅಷ್ಟು ದೊಡ್ಡವನಾಗಿ ಎಂದೂ ನಿಂತಿರಲಿಲ್ಲ. ಎಲ್ಲರೂ ಮಹಡಿ ಹತ್ತಿ ಬಂದಿರಿ. ನಾನು ಕೊಳವೆಯನ್ನು ಬೆಳಕಿಗೆ ಹಿಡಿದೆ. ಕಡ್ಡಿ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ನೀನು ಬಗ್ಗಿ ನೋಡಿ, "ಇಷ್ಟೇನಾ ನಮ್ಮಜ್ಜಿ? ಲಕೋಟೆ ಅಂಟಿಸೋ ಗೋಂದು ಇದ್ದಂಗಿದೆ" ಎಂದೆ. ಆಮೇಲೆ ಕೊಳವೆಗೆ ಮುಖವಿಟ್ಟು, "ಅಜ್ಜೀ, ಈ ಸಲನಾದ್ರೂ ಸ್ವಲ್ಪ ಸಿಹಿಯಾಗಿ ಮಾಡು" ಎಂದೆ. ಲಾರಿಯವನು ನನ್ನ ಕಾಲಿಗೆ ಬೀಳಲು ಬಂದ. ನಾನು ತಡೆದೆ, ಆದರೆ ತಡೆಯುವ ಮೊದಲು ಒಂದು ಗಳಿಗೆ ಸುಮ್ಮನಿದ್ದೆ. ಅದನ್ನೂ ಹೇಳಬೇಕು.

ಮರುದಿನವೇ ನೀನು ನಿನ್ನ ಎರಡು ಡಬ್ಬಿಯಲ್ಲಿ ಒಂದನ್ನು ಲಾರಿಯವನ ಮಗಳಿಗೆ ಕೊಟ್ಟೆ. ಅವರ ಮನೆಯಲ್ಲಿ ಪುಡಿ ತಳ ಕಂಡಿತ್ತು. ನಿನ್ನ ಅಮ್ಮ ಹಿಂಜರಿದಳು. "ಮುಂದಿನ ಡಬ್ಬಿ ಯಾವಾಗ ಬರತ್ತೋ ಏನೋ ಕಣೇ." ನೀನು ಅವಳನ್ನು ಗೇಲಿ ಮಾಡಿದೆ. "ಅಮ್ಮಾ, ಕಾರ್ಖಾನೆ ಯಜಮಾನ್ರು ಮೇಲಿನ ಮನೆಯಲ್ಲೇ ಇದಾರೆ. ಇನ್ನೂ ಭಿಕ್ಷೆ ಬುದ್ಧಿ ಬಿಡ್ಲಿಲ್ವಲ್ಲ ನೀನು." ನಿನ್ನ ಅಮ್ಮ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಎರಡು ತಿಂಗಳಲ್ಲಿ ಹೊಸ ಪುಡಿ ಬರುತ್ತದೆ, ಕೊಡಿ ಎಂದು ಹೇಳಿದವನು ನಾನು.

ಕಡ್ಡಿ ಕೊಳವೆಯನ್ನು ತನ್ನ ಪರಿಚಯದ ಕಾಲೇಜೊಂದರ ಪ್ರಯೋಗಾಲಯಕ್ಕೆ ಒಯ್ದಳು. ಪುಡಿ ಬರುತ್ತದೆಂದು ತೋರಿಸಿದ ಮೇಲೆಯೇ ಸರ್ಕಾರದವರ ಮುಂದೆ ಇಡಬೇಕಿತ್ತು. ಹನ್ನೊಂದನೇ ದಿನ ಬಂದಳು. ಕುಳಿತುಕೊ ಎಂದರೆ ಕೂರಲಿಲ್ಲ. "ತುಂಬಾ ಚೆನ್ನಾಗಿ ಬೆಳೀತಿದೆ ಸಾರ್" ಎಂದಳು. ನಾನು ಹಿಗ್ಗಿ, "ಮತ್ತೆ? ಸಾಕಿದ್ದು ಯಾರು?" ಎಂದೆ. ಅವಳು ನಗಲಿಲ್ಲ. "ಆದ್ರೆ ಪುಡಿ ಬರ್ತಿಲ್ಲ. ಒಂದು ಚೂರೂ ಬರ್ತಿಲ್ಲ." ಆಮೇಲೆ ಕಪಾಟಿನ ಬಾಗಿಲು ತೆರೆದು ಆ ಏಳು ಸಾಲನ್ನು ಓದಿದಳು. ಅದು ಅಲ್ಲಿರುತ್ತದೆಂದು ಅವಳಿಗೆ ಹೇಗೆ ಗೊತ್ತಿತ್ತೋ. ಪ್ರಯೋಗಾಲಯದಲ್ಲೂ ಅವಳ ಮೇಡಂ ಹಾಗೆಯೇ ಅಂಟಿಸುತ್ತಿದ್ದಳೇನೋ. "ಸಾರ್, ನಾಲ್ಕು ಹನಿ ಹಾಕ್ತಿದ್ರಿ ತಾನೇ?"

ಆ ದಿನ ಅವಳು ಹೇಳಿದ್ದನ್ನು ನಿನಗೆ ಹೇಳುತ್ತೇನೆ. ಹೊರೆ ಹೊರುವುದು ಆ ಜೀವಗಳಿಗೆ ಕಷ್ಟ. ತಿಂದದ್ದರಲ್ಲಿ ಅರ್ಧ ಅದಕ್ಕೇ ಹೋಗುತ್ತದೆ. ಅವು ಎರಡಾಗಿ ಒಡೆಯುವಾಗ ಆಗಾಗ ಒಂದರ ಪಾಲಿಗೆ ಹೊರೆ ಬರುವುದೇ ಇಲ್ಲ. ಹಾಗೆ ತಪ್ಪಿಸಿಕೊಂಡದ್ದು ಹಗುರಾಗಿ, ಹೊತ್ತವುಗಳಿಗಿಂತ ಬೇಗ ಬೆಳೆದು, ಬೇಗ ಮರಿಹಾಕಿ, ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ. ಇದು ಗೊತ್ತಿದ್ದೇ ನಿನ್ನ ಪುಡಿಯಜ್ಜಿ ಹೊರೆಯ ಜೊತೆ ಒಂದು ಗುರಾಣಿಯನ್ನೂ ಕಟ್ಟಿದ್ದಳು. ಹೊರೆ ಹೊತ್ತದ್ದು ಮಾತ್ರ ಆ ನಾಲ್ಕು ಹನಿಯನ್ನು ತಾಳಿಕೊಂಡು ಬದುಕುತ್ತದೆ, ಇಳಿಸಿದ್ದು ಸಾಯುತ್ತದೆ. ನಾನು ಹನಿ ನಿಲ್ಲಿಸಿದ ದಿನ ಸೋಮಾರಿಗಳಿಗೆ ಬಾಗಿಲು ತೆರೆದೆ. ಅವು ದಟ್ಟವಾಗಿ ಬೆಳೆದದ್ದು ಯಾಕೆಂದರೆ ಕೆಲಸ ಬಿಟ್ಟಿದ್ದವು. ಬೆಣ್ಣೆಯ ಹಾಗೆ ಹೊಳೆಯುತ್ತಿದ್ದದ್ದು ಅದೇ.

ಕಡ್ಡಿ ನನ್ನನ್ನು ಬೈಯಲಿಲ್ಲ. ಮೂರು ವಾರ, ನಗರಸಭೆಯ ಕೆಲಸ ಮುಗಿಸಿ, ಆ ಕೊಳವೆಯಲ್ಲಿದ್ದದ್ದನ್ನು ಅಗರ್ ತುಂಬಿದ ಗಾಜಿನ ಬಿಲ್ಲೆಗಳ ಮೇಲೆ ಹರಡಿ ಹನಿ ಹಾಕಿ ನೋಡಿದಳು. ಲಕ್ಷದಲ್ಲಿ ಒಂದಾದರೂ ಹೊರೆ ಹೊತ್ತದ್ದು ಉಳಿದಿದ್ದರೆ ಬಿಲ್ಲೆಯ ಮೇಲೆ ಒಂದು ಚುಕ್ಕಿ ಏಳಬೇಕು. "ಒಂದು ಸಿಕ್ರೆ ಸಾಕು ಸಾರ್, ಒಂದೇ ಒಂದು." ಎಲ್ಲ ಬಿಲ್ಲೆಗಳೂ ತೊಳೆದಿಟ್ಟ ತಟ್ಟೆಯ ಹಾಗೆ ಉಳಿದವು. ಹಳೆಯ ಕೊಳವೆ ಎಲ್ಲಾದರೂ ಮೂಲೆಯಲ್ಲಿ ಉಳಿದಿರಬಹುದೇ ಎಂದು ಮನೆಯೆಲ್ಲ ಜಾಲಾಡಿದಳು. ನಾನು ಶಿಸ್ತಿನ ಮನುಷ್ಯ, ಒಂದನ್ನೂ ಉಳಿಸಿರಲಿಲ್ಲ. ಮತ್ತೆ ಮೊದಲಿನಿಂದ ಕಟ್ಟಬೇಕಾದರೆ ಟಿಪ್ಪಣಿ ಪುಸ್ತಕ ಬೇಕು, ಆರೇಳು ವರ್ಷ ಬೇಕು, ಹತ್ತೊಂಬತ್ತು ಮನೆಗಳಿಗಾಗಿ ಅಷ್ಟು ವರ್ಷ ಕೊಡುವ ಸರ್ಕಾರವೂ ಬೇಕು.

ನಿನಗೆ ನಾನು ಆಗಲೇ ಹೇಳಬೇಕಿತ್ತು. ಹೇಳಿದ್ದರೆ ಡಬ್ಬಿಯನ್ನು ಹಿಂದಕ್ಕೆ ಕೇಳುತ್ತಿದ್ದೆಯೋ ಇಲ್ಲವೋ, ಕಾಣೆ. ಬಹುಶಃ ಕೇಳುತ್ತಿರಲಿಲ್ಲ. ಆದರೆ ಇದ್ದದ್ದನ್ನು ಜೋಪಾನವಾಗಿ ಬಳಸುತ್ತಿದ್ದೆ, ನಿನ್ನ ಅಮ್ಮ ಆಸ್ಪತ್ರೆಯ ಬಾಗಿಲು ಬಡಿಯುತ್ತಿದ್ದಳು. ಕಡ್ಡಿ ಬಿಲ್ಲೆಗಳನ್ನು ನೋಡುತ್ತಿದ್ದ ಆ ಮೂರು ವಾರ ನಾನು ಬಾಯಿ ಬಿಡಲಿಲ್ಲ. "ಆಯ್ತಾ ಅಜ್ಜ?" ಎಂದು ನೀನು ಕೇಳಿದಾಗಲೆಲ್ಲ "ಆಗ್ತಾ ಇದೆ" ಎಂದೆ. ಒಂದು ಚುಕ್ಕಿ ಎದ್ದರೆ ಸುಳ್ಳು ನಿಜವಾಗುತ್ತದಲ್ಲ ಎಂಬ ಆಸೆ. ನಿನ್ನ ಡಬ್ಬಿ ಮುಗಿದು ಆರನೇ ದಿನ ಜ್ವರ ಬಂತು. ಜ್ವರದಲ್ಲಿ ವಿಷ ಬೇಗ ಏರುತ್ತದೆ. ನೀನು ಮಲಗಿಯೇ ಇದ್ದೆ, ಜ್ವರದ ಮಾತ್ರೆಯ ನಿದ್ದೆ ಎಂದು ನಿನ್ನ ಅಮ್ಮ ಹೊದಿಕೆ ಸರಿಮಾಡಿ ಅಂಗಿಗಳಿಗೆ ಗುಂಡಿ ಹಾಕುತ್ತಾ ಕೂತಳು. ಆಸ್ಪತ್ರೆಯಲ್ಲಿ ಮೂರು ದಿನ. ಅಲ್ಲಿಯೂ ಆ ಪುಡಿ ಇರಲಿಲ್ಲ.

ಹತ್ತೊಂಬತ್ತು ವರ್ಷ ಎಂದು ಸಾವಿನ ಚೀಟಿಯಲ್ಲಿ ಬರೆದರು. ಇಪ್ಪತ್ತಕ್ಕೆ ನಲವತ್ತು ದಿನ ಕಡಿಮೆ ಎಂದು ನಾನು ತಿದ್ದಿಸಲು ಹೋದೆ. ಯಾಕೆ ಹೋದೆನೋ.

ನಿನ್ನ ಅಮ್ಮನಿಗೆ ಹೇಳಿದ್ದು ನೀನು ಹೋದ ಮೂವತ್ತನೇ ದಿನ, ಮಧ್ಯಾಹ್ನ. ಅವಳು ಯಾವುದೋ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ: ಹನಿ, ಅಂಗಡಿ, ಮೂವತ್ತೇಳು ಸಲ, ಮೂರು ವಾರದ ಮೌನ. ಅವಳು ಅಂಗೈಯಿಂದ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದಳು. ಆಮೇಲೆ ಕೇಳಿದ್ದು, "ಇದು ಇನ್ಯಾರಿಗೆ ಗೊತ್ತು?" ಕಡ್ಡಿಗೆ ಎಂದೆ. ಉಳಿದ ಹದಿನೆಂಟು ಮನೆಗೂ ಹೋಗಿ ಹೇಳುತ್ತೇನೆ, ಪತ್ರಿಕೆಗೂ ಬರೆಯುತ್ತೇನೆ ಎಂದೆ.

"ಬೇಡ" ಎಂದಳು. "ಹೇಳಿ ಏನಾಗ್ಬೇಕು? ಆ ಹದಿನೆಂಟು ಮನೆಯೋರ ಹತ್ರ ಪುಡಿ ತಳ ಕಂಡಿದೆ, ಬೇರೆ ಏನೂ ಇಲ್ಲ. ಕಂಪನಿ ಮೇಲೆ ಸಿಟ್ಟು ಒಂದಿದೆ. ಅದರ ಮೇಲೆ ಬೆಳಿಗ್ಗೆ ಎದ್ದು ಓಡಾಡ್ತಿದಾರೆ. ನೀವು ಹೋಗಿ ನಂದೂ ತಪ್ಪಿದೆ ಅಂದ್ರೆ ಕಂಪನಿಯೋರಿಗೆ ಅಷ್ಟೇ ಸಾಕು, ಮುದುಕ ಅಡುಗೆಮನೇಲಿ ಹಾಳ್ಮಾಡಿದ ಅಂತ ಕಡತ ಮುಚ್ತಾರೆ. ಕಂಪನಿ ದೊಡ್ಡದು ಮೇಷ್ಟ್ರೇ, ಎಲ್ಲಾರ ಸಿಟ್ಟೂ ಹಿಡಿಸತ್ತೆ. ನಿಮ್ಮ ಮೇಲೆ ಎಷ್ಟು ಅಂತ ಹಿಡಿಸತ್ತೆ?" ನಾನು ಏನೋ ಹೇಳಲು ಹೋದೆ. ಅವಳು ಮುಖ ಎತ್ತಿದಳು. "ನಿಮಗೆ ಹಗುರ ಆಗತ್ತೆ, ಗೊತ್ತು. ಅದಕ್ಕೆ ಅವರು ಯಾಕೆ ತೆರಬೇಕು?" ನನ್ನಿಂದ ಮಾತು ತೆಗೆದುಕೊಂಡು ಮತ್ತೆ ಚಕ್ರ ತಿರುಗಿಸಿದಳು. ಅಂದಿನಿಂದ ಅವಳು ನನ್ನ ಜೊತೆ ಮಾತಾಡುತ್ತಾಳೆ, ನೀರು ಬಂತಾ, ಕರೆಂಟ್ ಹೋಯ್ತಾ ಎಂದು. ಅಷ್ಟೇ.

ನಿನ್ನೆ ಹೊಸ ದೂರು ಬರೆದು ಮುಗಿಸಿದೆ. ಹನ್ನೊಂದು ಪುಟ. ಹಿಂದಕ್ಕೆ ಬಂದ ಅರ್ಜಿ, ಎರಡು ಭಾಷಣ, ಕಿತ್ತ ಪ್ಲಗ್ಗು, ಕಾವಲುಗಾರನ ಮಾತು, ಕಾಣೆಯಾದ ಪುಸ್ತಕ, ಎಲ್ಲ ತಾರೀಕು ಸಮೇತ ಇದೆ. ಒಂದೂ ಸುಳ್ಳಲ್ಲ. ಈ ದೇಶದಲ್ಲಿ ಇಷ್ಟು ಖಚಿತವಾದ ದೂರು ಇನ್ನೊಂದು ಬರೆದಿರಲಾರರು. ಒಂಬತ್ತನೇ ಪುಟಕ್ಕೆ ಬಂದಾಗ, ಮನೆಯಲ್ಲಿ ಉಳಿದಿದ್ದ ತಳಿಗೆ ಏನಾಯಿತು ಎಂದು ಬರೆಯಬೇಕಾಯಿತು. ಕಾಲೇಜಿನ ಪ್ರಯೋಗಾಲಯದವರು ಪರೀಕ್ಷಿಸಿದ ದಾಖಲೆ ಇದೆ, ಬಿಡುವಂತಿರಲಿಲ್ಲ.

ನಾನು ಮೂವತ್ತಮೂರು ವರ್ಷ ಇತಿಹಾಸ ಕಲಿಸಿದವನು. ಮಕ್ಕಳು ಉತ್ತರಪತ್ರಿಕೆಯಲ್ಲಿ "ಕಾಲಕ್ರಮೇಣ ಸಾಮ್ರಾಜ್ಯವು ಅವನತಿ ಹೊಂದಿತು" ಎಂದು ಬರೆದರೆ ಆ ಸಾಲಿಗೆ ಅಂಕ ಕೊಡುತ್ತಿರಲಿಲ್ಲ. ಕಾಲ ಏನನ್ನೂ ಮಾಡುವುದಿಲ್ಲ, ಮಾಡಿದವರು ಯಾರು ಬರೆ ಎಂದು ಕೆಂಪು ಶಾಯಿಯಲ್ಲಿ ಗೀಚುತ್ತಿದ್ದೆ. ಎಷ್ಟೋ ಮಕ್ಕಳು ಆ ಕಾರಣಕ್ಕೇ ಫೇಲಾಗಿರಬಹುದು.

ಒಂಬತ್ತನೇ ಪುಟದಲ್ಲಿ ಬರೆದೆ: "ಖಾಸಗಿಯಾಗಿ ಸಂರಕ್ಷಿಸಿದ್ದ ತಳಿಯೂ ಕಾಲಕ್ರಮೇಣ ಉತ್ಪಾದನಾ ಶಕ್ತಿಯನ್ನು ಕಳೆದುಕೊಂಡಿತು."

ಇವತ್ತು ಬೆಳಿಗ್ಗೆ ನಿಮ್ಮ ಮನೆಯಲ್ಲೇ ಎಲ್ಲರಿಗೂ ಗಟ್ಟಿಯಾಗಿ ಓದಿದೆ. ಆ ಸಾಲು ಬಂದಾಗ ನಿನ್ನ ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ. ಕಡ್ಡಿ ಕಿಟಕಿಯ ಹೊರಗೆ ನೋಡಿದಳು. ಓದಿ ಮುಗಿದಾಗ ಲಾರಿಯವನು ಕಣ್ಣೊರೆಸಿಕೊಂಡು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ಹೇಗೆ ಬರ್ದಿದೀರಿ ಮೇಷ್ಟ್ರೇ! ಒಂದಕ್ಷರ ಬಿಟ್ಟಿಲ್ಲ." ಹದಿನೆಂಟು ಮನೆಯವರೂ ಸಾಲಾಗಿ ಸಹಿ ಹಾಕಿದರು. ಎಲ್ಲರದ್ದೂ ಆದ ಮೇಲೆ, ಕೆಳಗೆ, ಬರೆದವನು ಎಂಬ ಜಾಗದಲ್ಲಿ ನನ್ನ ಪೂರ್ತಿ ಹೆಸರು ಬರೆದೆ.

ಚಿಕ್ಕವರಿಗೆ ಬರೆದ ಪತ್ರದ ಕೊನೆಯಲ್ಲಿ ದೊಡ್ಡವರು ನೂರು ಕಾಲ ಬಾಳು ಎಂದು ಹರಸುತ್ತಾರೆ. ನಿನಗೆ ಅದನ್ನು ಬರೆಯಲು ನನಗೆ ಮುಖವಿಲ್ಲ. ಆ ಹರಕೆಯನ್ನು ಲಾರಿಯವನ ಮಗಳಿಗೆ ಕೊಡುತ್ತಿದ್ದೇನೆ. ನೀನಾದರೂ ಅದನ್ನೇ ಮಾಡುತ್ತಿದ್ದೆ. ಅವಳ ಡಬ್ಬಿಯಲ್ಲಿ ಇನ್ನು ಇಪ್ಪತ್ತು ದಿನಕ್ಕಾಗುವಷ್ಟಿದೆ.

ನಿನ್ನ ಬೈಗುಳವೊಂದನ್ನು ಕೇಳಲು ಕಾದಿರುವ,
ಮೇಲಿನ ಮನೆಯ ಅಜ್ಜ